ಪ್ರಲಾಪದಿಂದ ಹರ್ಷದವರೆಗೆ: ಸತ್ಯವೇದವನ್ನೂ ಆರಾಧನೆಯನ್ನೂ ಆಸರೆಯಾಗಿಸಿಕೊಳ್ಳುವ ಬಗೆ

ಡಿಸೆಂಬರ್ 31ರ ರಾತ್ರಿಯ ಆರಾಧನೆಯ ಕೊನೆಯಲ್ಲಿ ನಮ್ಮ ಅನೇಕ ಸಭೆಗಳಲ್ಲಿ ವಾಗ್ದಾನದ ಚೀಟಿಗಳನ್ನು ಹಂಚುವ ವಾಡಿಕೆಯಿದೆ. ಮನೆಗೊಂದು ವಚನ ಸಿಗುತ್ತದೆ. ಅದನ್ನು ತಂದು ಗೋಡೆಗೋ ಫ್ರಿಜ್ಜಿನ ಬಾಗಿಲಿಗೋ ಅಂಟಿಸಿ ವರ್ಷವಿಡೀ ನೋಡುತ್ತೇವೆ. ಆ ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವಚನಗಳಲ್ಲಿ ಯೆರೆಮೀಯ 29:11 ಒಂದು. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಹಿತದ ಆಲೋಚನೆಗಳೇ, ನಿಮಗೆ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವೆನು ಎಂದು ದೇವರು ಅಲ್ಲಿ ಮಾತುಕೊಡುತ್ತಾನೆ. ಅದರ ಹಿಂದಿನ ವಚನ ಮಾತ್ರ ಸಾಮಾನ್ಯವಾಗಿ ಚೀಟಿಗೆ ಹತ್ತುವುದಿಲ್ಲ. ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿಯು ಬರೆದ ಪತ್ರದ ಭಾಗ ಅದು. ಆ ಸೆರೆಯಿಂದ ಬಿಡುಗಡೆಯು 70 ವರ್ಷಗಳಾದ ಮೇಲೆ ಬರುತ್ತದೆ ಎಂದು 10ನೆಯ ವಚನ ಸ್ಪಷ್ಟವಾಗಿ ಹೇಳುತ್ತದೆ. ಪತ್ರವನ್ನು ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ಆ ದಿನವನ್ನು ಕಾಣುವಂತಿರಲಿಲ್ಲ. ಅವರಿಗೆ ಹೇಳಿದ್ದು ಮನೆ ಕಟ್ಟಿಕೊಳ್ಳಿರಿ, ತೋಟ ಹಾಕಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು.

ಸತ್ಯವೇದವು ನಿರೀಕ್ಷೆ ಎಂದು ಕರೆಯುವುದು ಇಂಥದ್ದನ್ನು. ನಷ್ಟ, ಕಾಯಿಲೆ, ಸಾವು, ಇಲ್ಲವೇ ಕಾರಣವೇ ತಿಳಿಯದ ಒಣಗಿದ ಮನಸ್ಸು, ಇವುಗಳ ನಡುವೆ ದೇವರಲ್ಲಿ ಹರ್ಷವನ್ನು ಹುಡುಕುತ್ತಿರುವವರು ಎಲ್ಲಿಂದ ಆರಂಭಿಸಬಹುದು, ದಿನದಲ್ಲಿ ಏನನ್ನು ಓದಬಹುದು, ಭಾನುವಾರದ ಆರಾಧನೆಯನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಮುಂದೆ ಬರೆದಿದ್ದೇನೆ. ಹರ್ಷಕ್ಕೆ ಹೋಗುವ ದಾರಿ ದುಃಖವನ್ನು ಸುತ್ತಿಬಳಸಿ ಹೋಗುವುದಿಲ್ಲ, ಅದರ ನಡುವಿನಿಂದಲೇ ಹೋಗುತ್ತದೆ ಎಂಬುದು ನನ್ನ ತಿಳುವಳಿಕೆ. ಆದುದರಿಂದ ಓದನ್ನು ಸ್ತುತಿಯಿಂದ ಆರಂಭಿಸಬೇಡಿ ಎಂದೇ ಮೊದಲು ಹೇಳುತ್ತೇನೆ.

ದೂರಿನಿಂದ ಆರಂಭಿಸಿ

ಕೀರ್ತನೆಗಳ ಗ್ರಂಥದಲ್ಲಿರುವ 150 ಕೀರ್ತನೆಗಳಲ್ಲಿ ಬಹುದೊಡ್ಡ ಪಾಲು ಮೊರೆ ಮತ್ತು ದೂರು. ಮೊದಲ ಸಂಜೆಗೆ 13ನೆಯ ಕೀರ್ತನೆಯನ್ನು ತೆಗೆದುಕೊಳ್ಳಿ. ಅದರಲ್ಲಿರುವುದು ಆರೇ ವಚನ. ಎಷ್ಟರವರೆಗೆ ಎಂಬ ಪ್ರಶ್ನೆಯನ್ನು ಮೊದಲ ಎರಡು ವಚನಗಳಲ್ಲೇ ಕೀರ್ತನೆಕಾರನು ನಾಲ್ಕು ಬಾರಿ ದೇವರ ಮುಂದಿಡುತ್ತಾನೆ. ನೀನು ನನ್ನನ್ನು ಮರೆತೇಬಿಟ್ಟೆಯಾ ಎಂದು ಕೇಳಲು ಹಿಂಜರಿಯುವುದಿಲ್ಲ. ಅದೇ ಕೀರ್ತನೆ ಹಾಡುವೆನು ಎಂಬ ನಿರ್ಧಾರದಲ್ಲಿ ಮುಗಿಯುತ್ತದೆ. ಈ ನಡುವೆ ಶತ್ರು ಓಡಿಹೋದದ್ದಾಗಲಿ ಕಷ್ಟ ತೀರಿದ್ದಾಗಲಿ ಎಲ್ಲಿಯೂ ಇಲ್ಲ. ಅವನು ತನ್ನ ದೂರನ್ನು ಬೇರೆಲ್ಲಿಗೂ ಒಯ್ಯದೆ ದೇವರ ಬಳಿಗೇ ತಂದನು, ಆತನ ಕೃಪೆಯಲ್ಲಿ ಭರವಸವಿಟ್ಟನು, ಅಷ್ಟೇ.

ಓದುವ ಕ್ರಮವೂ ಮುಖ್ಯ. ಕೀರ್ತನೆಯನ್ನು ಮನಸ್ಸಿನಲ್ಲೇ ಓದಿಕೊಳ್ಳದೆ ನಿಮ್ಮ ಕಿವಿಗೆ ಕೇಳಿಸುವಷ್ಟಾದರೂ ಗಟ್ಟಿಯಾಗಿ ಓದಿ. ಒಮ್ಮೆ ಓದಿ ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ ಓದುತ್ತ, ನಿಮ್ಮ ಬಾಳಿಗೆ ತಾಕಿದ ಸಾಲಿನಲ್ಲಿ ನಿಲ್ಲಿಸಿ, ಅಲ್ಲಿ ನಿಮ್ಮ ಸ್ವಂತ ಮಾತನ್ನು ಸೇರಿಸಿ. ಆಸ್ಪತ್ರೆಯ ಬಿಲ್ಲು, ಮಾತುಬಿಟ್ಟ ಮಗ, ಮೂರನೆಯ ಬಾರಿ ತಪ್ಪಿದ ಸಂಬಂಧ, ಯಾವುದಿದೆಯೋ ಅದನ್ನು ಹೆಸರಿಟ್ಟು ಹೇಳಿ. ಪ್ರಾರ್ಥನೆಯೆಂದರೆ ಸುಸಂಬದ್ಧವಾದ ಗ್ರಾಂಥಿಕ ಭಾಷೆಯಲ್ಲೇ ಇರಬೇಕೆಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಮನೆಯಲ್ಲಿ ಆಡುವ ಮಾತಿನಲ್ಲಿ, ಅದು ತುಳುವಾಗಲಿ ಕೊಂಕಣಿಯಾಗಲಿ ಬಯಲುಸೀಮೆಯ ಕನ್ನಡವಾಗಲಿ, ಪ್ರಾರ್ಥಿಸಲು ಏನೂ ಅಡ್ಡಿಯಿಲ್ಲ. ಕೊನೆಯಲ್ಲಿ ಕೀರ್ತನೆಯ ಕೊನೆಯ ಸಾಲನ್ನು, ನಿಮಗೆ ಹಾಗೆ ಅನಿಸದಿದ್ದರೂ, ಗಟ್ಟಿಯಾಗಿ ಓದಿ ಮುಗಿಸಿ. ಅನಿಸದ ಮಾತನ್ನು ಹೇಳುವುದು ಕಪಟವಲ್ಲವೇ ಎಂದು ಕೇಳುವವರಿದ್ದಾರೆ. ಇದು ನಿಮಗಿಂತ ಮೊದಲು ಆ ದಾರಿಯಲ್ಲಿ ನಡೆದವನ ಮಾತು; ನೀವು ಅದನ್ನು ಸದ್ಯಕ್ಕೆ ಎರವಲು ಪಡೆಯುತ್ತಿದ್ದೀರಿ.

ಮುಂದಿನ ಸಂಜೆಗಳಲ್ಲಿ 42 ಮತ್ತು 43ನೆಯ ಕೀರ್ತನೆಗಳನ್ನು ಒಟ್ಟಿಗೆ ಓದಿ. ನನ್ನ ಮನವೇ, ಏಕೆ ಕುಗ್ಗಿಹೋಗಿರುವೆ, ದೇವರನ್ನು ನಿರೀಕ್ಷಿಸು ಎಂಬ ಪಲ್ಲವಿ ಎರಡರಲ್ಲೂ ಸೇರಿ ಮೂರು ಸಲ ಬರುತ್ತದೆ. ಒಂದು ಸಲ ಹೇಳಿದ್ದಕ್ಕೆ ಮನಸ್ಸು ಕೇಳಲಿಲ್ಲ, ಆದ್ದರಿಂದ ಅವನು ಮತ್ತೆ ಹೇಳುತ್ತಾನೆ, ಮತ್ತೂ ಹೇಳುತ್ತಾನೆ. ಹಬ್ಬದ ಗುಂಪಿನೊಡನೆ ದೇವಾಲಯಕ್ಕೆ ಹೋಗುತ್ತಿದ್ದ ದಿನಗಳನ್ನು ನೆನೆದು ಕರಗುವ ಈ ಕೀರ್ತನೆಕಾರನು ಈಗ ದೂರದಲ್ಲಿದ್ದಾನೆ. ಹಾಸಿಗೆ ಹಿಡಿದು ಚರ್ಚಿಗೆ ಹೋಗಲಾಗದವರಿಗೆ, ಕೊಲ್ಲಿ ದೇಶಗಳಲ್ಲಿ ಭಾನುವಾರವೂ ಕೆಲಸಕ್ಕೆ ಹೋಗಬೇಕಾದವರಿಗೆ ಇದು ಬೇಗ ಹತ್ತಿರವಾಗುತ್ತದೆ.

ಎಲ್ಲವೂ ಕತ್ತಲೆಯೆನಿಸುವ ದಿನಕ್ಕೆ 88ನೆಯದನ್ನು ಇಟ್ಟುಕೊಳ್ಳಿ. ಅದು ಬೆಳಕಿನ ಕಡೆಗೆ ತಿರುಗುವುದೇ ಇಲ್ಲ; ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದರ ಮೊದಲ ಮಾತು ನನ್ನನ್ನು ರಕ್ಷಿಸುವ ದೇವರೇ ಎಂಬ ಸಂಬೋಧನೆ. ಅಂಥ ಪ್ರಾರ್ಥನೆಯನ್ನು ಸಭೆಯ ಹಿರಿಯರು ತೆಗೆದುಹಾಕದೆ ಪವಿತ್ರ ಗ್ರಂಥದಲ್ಲಿ ಉಳಿಸಿಕೊಂಡರು ಎಂಬ ಸಂಗತಿಯೇ ನನಗೆ ದೊಡ್ಡ ಸಮಾಧಾನ.

22ನೆಯ ಕೀರ್ತನೆಯನ್ನು ಮಾತ್ರ ತುಸು ನಿಧಾನವಾಗಿ, ಮತ್ತಾಯ 27 ಅಥವಾ ಮಾರ್ಕ 15ನೆಯ ಅಧ್ಯಾಯವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ನನ್ನ ದೇವರೇ, ಏಕೆ ನನ್ನನ್ನು ಕೈಬಿಟ್ಟೆ ಎಂದು ಯೇಸು ಶಿಲುಬೆಯ ಮೇಲೆ ಕೂಗಿದ್ದು ಆ ಕೀರ್ತನೆಯ ಮೊದಲ ಸಾಲು. ಅದೇ ಕೀರ್ತನೆಯ ಕೊನೆಯ ಭಾಗದಲ್ಲಿ ಮಹಾಸಭೆಯ ನಡುವಿನ ಸ್ತುತಿಯಿದೆ, ಬಡವರು ಉಂಡು ತೃಪ್ತರಾಗುವ ಮಾತಿದೆ, ಮುಂದೆ ಹುಟ್ಟುವ ಜನಾಂಗಕ್ಕೆ ತಲುಪುವ ಸುದ್ದಿಯಿದೆ. ಕ್ರೈಸ್ತರ ನಿರೀಕ್ಷೆ ನಿಂತಿರುವುದು ಈ ಜೋಡಣೆಯ ಮೇಲೆ. ದೂರು ಕೊಡುವವನ ಜಾಗದಲ್ಲಿ ದೇವರ ಮಗನೇ ನಿಂತಿದ್ದನು. ಮೂರನೆಯ ದಿನ ಆತನು ಎದ್ದನು. ಈ ಪುನರುತ್ಥಾನದ ಮೂಲಕವೇ ನಾವು ಜೀವಕರವಾದ ನಿರೀಕ್ಷೆಗೆ ಹೊಸದಾಗಿ ಹುಟ್ಟಿದ್ದೇವೆ ಎಂದು ಪೇತ್ರನ ಮೊದಲನೆಯ ಪತ್ರ ಆರಂಭದಲ್ಲೇ ಹೇಳುತ್ತದೆ.

ನೆನಪಿಗೆ ತಂದುಕೊಳ್ಳುವುದು

ದೂರನ್ನು ಹೇಳಿಯಾದ ಮೇಲೆ ಮುಂದಿನ ಕೆಲಸ ನೆನಪು. ಕ್ರಿಸ್ತಪೂರ್ವ 586ರ ಸುಮಾರಿಗೆ ಯೆರೂಸಲೇಮ್ ಹಾಳಾದ ಬಳಿಕ ಹುಟ್ಟಿದ ಪ್ರಲಾಪಗಳ ಗ್ರಂಥದಲ್ಲಿ ಐದು ಅಧ್ಯಾಯಗಳಿವೆ. ನಡುವಿನದಾದ ಮೂರನೆಯ ಅಧ್ಯಾಯದ 21ನೆಯ ವಚನದಲ್ಲಿ, ಇದನ್ನು ಮನಸ್ಸಿಗೆ ತಂದುಕೊಂಡದ್ದರಿಂದ ನನಗೆ ನಿರೀಕ್ಷೆಯುಂಟು ಎಂದು ಕವಿ ತಿರುಗುತ್ತಾನೆ. ದೇವರ ಕರುಣೆಗಳು ದಿನದಿನವೂ ಬೆಳಗ್ಗೆ ಹೊಸದಾಗುತ್ತವೆ ಎಂಬ, ನಾವೆಲ್ಲ ಬಾಯಿಪಾಠ ಮಾಡಿರುವ ಮಾತು ಅಲ್ಲಿಯೇ ಬರುತ್ತದೆ. ಆಮೇಲೆ ನಾಲ್ಕು ಮತ್ತು ಐದನೆಯ ಅಧ್ಯಾಯಗಳು ಮತ್ತೆ ಅಳುವಿಗೆ ಮರಳುತ್ತವೆ. ಇವತ್ತು ಸಿಕ್ಕ ಸಮಾಧಾನ ನಾಳೆ ಬೆಳಗ್ಗೆ ಮಾಯವಾದರೆ ನಿಮ್ಮ ನಂಬಿಕೆ ಸುಳ್ಳಾಯಿತೆಂದು ತಿಳಿಯಬೇಡಿ.

ನೆನಪನ್ನು ಅಭ್ಯಾಸವಾಗಿಸಲು 136ನೆಯ ಕೀರ್ತನೆ ಒಳ್ಳೆಯ ಮಾದರಿ. 26 ವಚನಗಳಲ್ಲಿಯೂ ಅರ್ಧ ಸಾಲು ದೇವರು ಮಾಡಿದ್ದನ್ನು ಹೇಳುತ್ತದೆ, ಉಳಿದರ್ಧ ಆತನ ಕೃಪೆ ಶಾಶ್ವತವೆಂಬ ಪಲ್ಲವಿ. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಒಬ್ಬರು ಸಾಲನ್ನೂ ಉಳಿದವರು ಪಲ್ಲವಿಯನ್ನೂ ಹೇಳಲಿ. ಕೆಲವು ದಿನಗಳಾದ ಮೇಲೆ ನಿಮ್ಮ ಮನೆಯ ಸಂಗತಿಗಳನ್ನೇ ಸಾಲುಗಳಾಗಿ ಬರೆದುಕೊಳ್ಳಿ: ಅಜ್ಜ ಬರಗಾಲದಲ್ಲಿ ಊರು ಬಿಟ್ಟು ಬಂದದ್ದು, ಅವ್ವನ ಆಪರೇಷನ್, ಮಗಳ ಪರೀಕ್ಷೆ, ಸಾಲ ತೀರಿದ ದಿನ. ಪ್ರತಿಯೊಂದಕ್ಕೂ ಅದೇ ಪಲ್ಲವಿ. ತೀರಿಹೋದವರ ಹೆಸರನ್ನೂ ಸೇರಿಸಲು ಹಿಂದೆಗೆಯಬೇಡಿ. ಆ ಕೀರ್ತನೆ ಇಸ್ರಾಯೇಲ್ಯರ ದೀನಾವಸ್ಥೆಯನ್ನೂ ಬಿಟ್ಟಿಲ್ಲ. ಮಕ್ಕಳು ಈ ಅಭ್ಯಾಸವನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ, ಕೆಲವೊಮ್ಮೆ ನಾವು ಮರೆತೇಬಿಟ್ಟ ಸಂಗತಿಯನ್ನು ಎತ್ತಿಕೊಡುತ್ತಾರೆ.

ರೈತ ಕುಟುಂಬಗಳಿಗೆ ಹಬಕ್ಕೂಕನ ಮೂರನೆಯ ಅಧ್ಯಾಯದ ಕೊನೆಯ ಭಾಗವನ್ನು ವಿಶೇಷವಾಗಿ ಸೂಚಿಸುತ್ತೇನೆ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಫಲಿಸಲಿಲ್ಲ, ಎಣ್ಣೆಮರ ಕೈಕೊಟ್ಟಿತು, ಹೊಲದಲ್ಲಿ ಬೆಳೆಯಿಲ್ಲ, ಹಟ್ಟಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ ಎಂದು ಪ್ರವಾದಿಯು ನಷ್ಟದ ಲೆಕ್ಕವನ್ನು ಪೂರ್ತಿಯಾಗಿ ಬರೆದ ಮೇಲೆಯೇ, ಆದರೂ ನಾನು ನನ್ನ ರಕ್ಷಕನಾದ ದೇವರಲ್ಲಿ ಉಲ್ಲಾಸಿಸುವೆನು ಎನ್ನುತ್ತಾನೆ. ಲೆಕ್ಕವನ್ನು ಬಿಟ್ಟು ಉಲ್ಲಾಸವನ್ನಷ್ಟೇ ಓದಿದರೆ ಆ ಆದರೂ ಎಂಬುದಕ್ಕೆ ಆಧಾರವೇ ಇರುವುದಿಲ್ಲ.

ದೇಹವನ್ನು ಮರೆಯಬೇಡಿ

1 ಅರಸುಗಳು 19ರಲ್ಲಿ ಎಲೀಯನು ಜಾಲಿಗಿಡದ ಕೆಳಗೆ ಕುಳಿತು ಸಾವನ್ನು ಕೇಳಿಕೊಳ್ಳುತ್ತಾನೆ. ದೇವದೂತನು ಬಂದು ಬೋಧನೆ ಮಾಡಲಿಲ್ಲ. ನಿದ್ರಿಸಿದವನನ್ನು ಎಬ್ಬಿಸಿ ರೊಟ್ಟಿ ನೀರು ಕೊಟ್ಟನು, ಮತ್ತೆ ಮಲಗಲು ಬಿಟ್ಟನು, ಎರಡನೆಯ ಬಾರಿಯೂ ಊಟಕ್ಕೇ ಎಬ್ಬಿಸಿದನು. ದೇವರ ಮಾತು ಕೇಳಿಸಿದ್ದು ಆಮೇಲೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡವೆನಿಸಿದರೆ ವೈದ್ಯರನ್ನು ಕಾಣಿ; ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು. ಮಾತ್ರೆ ತೆಗೆದುಕೊಳ್ಳುವುದು ನಂಬಿಕೆಯ ಕೊರತೆ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ.

ಭಾನುವಾರ, ಮನಸ್ಸಿಲ್ಲದಿದ್ದರೂ

ಒಬ್ಬರೇ ಓದುವುದರಿಂದ ಆಗದ ಕೆಲಸವೊಂದು ಸಭೆಯ ನಡುವೆ ಆಗುತ್ತದೆ. ಲೂಕ 24ರಲ್ಲಿ ಇಬ್ಬರು ಶಿಷ್ಯರು ಯೆರೂಸಲೇಮನ್ನು ಬಿಟ್ಟು, ಸುಮಾರು ಹನ್ನೊಂದು ಕಿಲೋಮೀಟರು ದೂರದ ಎಮ್ಮಾಹು ಎಂಬ ಹಳ್ಳಿಯ ಕಡೆಗೆ ನಡೆಯುತ್ತಿದ್ದಾರೆ. ಆತನೇ ಇಸ್ರಾಯೇಲನ್ನು ಬಿಡಿಸುವವನೆಂದು ನಾವು ನಿರೀಕ್ಷಿಸಿದ್ದೆವು ಎನ್ನುತ್ತಾರೆ. ಅವರ ನಿರೀಕ್ಷೆ ಆಗಲೇ ಹಿಂದಿನ ಮಾತಾಗಿದೆ. ಜೊತೆಗೆ ನಡೆದ ಅಪರಿಚಿತನು ಮೊದಲು ಅವರ ಕಥೆಯನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುತ್ತಾನೆ, ಆಮೇಲೆ ಮೋಶೆ ಮತ್ತು ಪ್ರವಾದಿಗಳ ಬರಹಗಳನ್ನು ಬಿಡಿಸಿ ಹೇಳುತ್ತಾನೆ, ಕೊನೆಗೆ ಊಟಕ್ಕೆ ಕುಳಿತಾಗ ರೊಟ್ಟಿಯನ್ನು ಮುರಿಯುತ್ತಾನೆ. ಅವರ ಕಣ್ಣು ತೆರೆದದ್ದು ಆ ಹೊತ್ತಿನಲ್ಲಿ. ನಮ್ಮ ಆರಾಧನೆಯ ಕ್ರಮವೂ ಬಹುಮಟ್ಟಿಗೆ ಇದೇ: ಅರಿಕೆ, ವಾಕ್ಯ, ಮೇಜು. ಕಥೋಲಿಕರು ಬಲಿಪೂಜೆ ಎಂದರೂ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳವರು ಕರ್ತನ ಭೋಜನ ಎಂದರೂ ಈ ಸಾಲು ಬದಲಾಗುವುದಿಲ್ಲ.

ಆದುದರಿಂದ ಭಾನುವಾರ ಹೋಗುವಾಗ ಒಳ್ಳೆಯ ಮನಸ್ಥಿತಿಯನ್ನು ಸಿದ್ಧಪಡಿಸಿಕೊಂಡು ಹೋಗಬೇಕೆಂದಿಲ್ಲ. ಶನಿವಾರ ರಾತ್ರಿ ಮರುದಿನದ ಪಾಠಗಳನ್ನು ಒಮ್ಮೆ ಓದಿಟ್ಟುಕೊಳ್ಳಿ; ಸಭೆಯ ಪಂಚಾಂಗದಲ್ಲಿ ಅವು ಇರುತ್ತವೆ, ಇಲ್ಲದಿದ್ದರೆ ಅಯ್ಯನವರನ್ನೋ ಫಾದರನ್ನೋ ಕೇಳಿದರೆ ಹೇಳುತ್ತಾರೆ. ಪಾಪದ ಅರಿಕೆಯ ಹೊತ್ತಿನಲ್ಲಿ ಸಾಮಾನ್ಯ ಮಾತುಗಳ ಅಡಿಯಲ್ಲಿ ನಿಮ್ಮದೊಂದು ನಿರ್ದಿಷ್ಟ ಸಂಗತಿಯನ್ನು ಇಡಿ, ಕ್ಷಮೆಯನ್ನು ಸಾರಿದಾಗ ಅದು ಆ ಸಂಗತಿಗೇ ಸೇರಿದ್ದೆಂದು ಕೇಳಿಸಿಕೊಳ್ಳಿ. ಕ್ಷಮೆ ಸಿಕ್ಕಿದೆಯೆಂಬ ತಿಳಿವಿನಿಂದ ಹುಟ್ಟುವ ಹರ್ಷವು ಬೇರೆ ಹರ್ಷಗಳಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನು 32ನೆಯ ಕೀರ್ತನೆಯನ್ನು ಓದಿದವರು ಬಲ್ಲರು. ವಿಶ್ವಾಸ ಪ್ರಮಾಣವನ್ನು ಹೇಳುವಾಗ ನಾಲಿಗೆ ಏಳದಿದ್ದರೆ ಸುಮ್ಮನೆ ನಿಂತು ಪಕ್ಕದ ಸಾಲಿನವರ ಧ್ವನಿಯನ್ನು ಆಲಿಸಿ. ಆ ವಾರ ನಿಮ್ಮ ಪಾಲಿನ ನಂಬಿಕೆಯನ್ನು ಅವರು ಹೊತ್ತಿರುತ್ತಾರೆ, ಇನ್ನೊಂದು ವಾರ ನೀವು ಅವರದನ್ನು ಹೊರುತ್ತೀರಿ. ರೊಟ್ಟಿಯನ್ನು ಕೈಯಲ್ಲಿ ಪಡೆಯುವಾಗ ಏನನ್ನಾದರೂ ಅನುಭವಿಸಲೇಬೇಕೆಂದು ನಿಮ್ಮನ್ನು ನೀವೇ ಒತ್ತಾಯಿಸಬೇಡಿ. ಕೊಡುತ್ತಿರುವಾತನು ಕ್ರಿಸ್ತನು; ನಿಮ್ಮ ಕೆಲಸ ಕೈಯೊಡ್ಡುವುದು.

ಹಾಡಿನ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಯೇಸು ಮತ್ತು ಶಿಷ್ಯರು ಸ್ತೋತ್ರವನ್ನು ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೋದರೆಂದು ಮತ್ತಾಯ 26:30 ದಾಖಲಿಸುತ್ತದೆ. ಅವರು ಆಗಷ್ಟೇ ಮುಗಿಸಿದ್ದು ಐಗುಪ್ತದಿಂದಾದ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದ ಊಟ; ಆ ಊಟದಲ್ಲಿ 113ರಿಂದ 118ರವರೆಗಿನ ಕೀರ್ತನೆಗಳನ್ನು ಹಾಡುವುದು ಯೆಹೂದ್ಯರ ಸಂಪ್ರದಾಯ. ಇದು ಯೆಹೋವನು ನೇಮಿಸಿದ ದಿನ, ಇದರಲ್ಲಿ ಹರ್ಷಿಸೋಣ ಎಂದು ನಾವು ಚಪ್ಪಾಳೆ ತಟ್ಟಿ ಹಾಡುವ ಮಾತು ಇರುವುದು 118ರಲ್ಲಿ. ತನ್ನನ್ನು ಹಿಡಿಯಲಿದ್ದ ಗೆತ್ಸೇಮನೆ ತೋಟಕ್ಕೆ ಹೊರಡುವ ಹೊತ್ತಿನಲ್ಲಿ ಆ ಸಾಲು ಆತನ ಬಾಯಲ್ಲಿ ಹೇಗೆ ಕೇಳಿಸಿರಬಹುದು ಎಂದು ಯೋಚಿಸುತ್ತ ಅದನ್ನು ಒಮ್ಮೆ ನಿಧಾನವಾಗಿ ಹಾಡಿ ನೋಡಿ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ ಸೀಲರು ಮಧ್ಯರಾತ್ರಿಯಲ್ಲಿ ಹಾಡಿದ್ದು ಕಾಲುಗಳು ಕೋಳದಲ್ಲಿದ್ದಾಗ; ಭೂಕಂಪ ಆದದ್ದು ಆಮೇಲೆ, ಅದು ಆಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕನ್ನಡ ಸಭೆಗಳಿಗೆ ಈ ವಿಷಯದಲ್ಲಿ ಎರಡು ಭಂಡಾರಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮೂಲಕ ಜರ್ಮನ್ ಧಾಟಿಗಳ ಗೀತೆಗಳು ಬಂದವು. ಇಲ್ಲಿನ ರಾಗತಾಳಗಳಲ್ಲಿ ಕಟ್ಟಿದ ಹಾಡುಗಳೂ ಜೊತೆಗೆ ಬೆಳೆದವು. ಈಗ ಗಿಟಾರು ಕೀಬೋರ್ಡುಗಳ ಹೊಸ ಹಾಡುಗಳೂ ಇವೆ. ಯಾವುದು ಉತ್ತಮ ಎಂಬ ಜಗಳ ಸಮಿತಿಯ ಸಭೆಗಳಲ್ಲಿ ನಡೆಯುತ್ತಲೇ ಇರುತ್ತದೆ, ನಡೆಯಲಿ. ದುಃಖದ ಕಾಲದಲ್ಲಿ ಮಾತ್ರ ನೀವು ಬಾಲ್ಯದಲ್ಲಿ ಕಲಿತ ಹಾಡನ್ನೇ ಆರಿಸಿಕೊಳ್ಳಿ, ಏಕೆಂದರೆ ಪುಸ್ತಕ ನೋಡುವ ಶಕ್ತಿಯೂ ಇಲ್ಲದಾಗ ಬಾಯಿಗೆ ಬರುವುದು ಅದೇ. ಮಕ್ಕಳಿಗೆ ಈಗಲೇ ಒಂದಿಷ್ಟು ಗೀತೆಗಳನ್ನು ಎಲ್ಲ ಚರಣಗಳೊಡನೆ ಬಾಯಿಪಾಠ ಮಾಡಿಸುವುದು ಅವರ ಮುಂದಿನ ಕಷ್ಟಕಾಲಕ್ಕೆ ನೀವು ಮಾಡಿಡುವ ಉಳಿತಾಯ. ಮೂರನೆಯ ಚರಣವನ್ನು ಹಾರಿಸುವ ನಮ್ಮ ಅಭ್ಯಾಸವನ್ನೂ ಬಿಡಬೇಕು. ಅನೇಕ ಗೀತೆಗಳಲ್ಲಿ ಸಂಕಟದ ಮಾತು ಇರುವುದು ನಡುವಿನ ಚರಣಗಳಲ್ಲೇ.

ವರ್ಷದ ಲೆಕ್ಕ

ಸಭಾ ವರ್ಷವನ್ನು ಅನುಸರಿಸಿದರೆ ಹರ್ಷಕ್ಕೂ ದುಃಖಕ್ಕೂ ಸಮಯ ತಾನಾಗಿ ಒದಗುತ್ತದೆ. ಪುನರುತ್ಥಾನ ಹಬ್ಬಕ್ಕೆ ಮುಂಚಿನ ಉಪವಾಸದ ತಪಸ್ಸು ಕಾಲ 40 ದಿನ, ಅದರೊಳಗಿನ ಭಾನುವಾರಗಳನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ, ಏಕೆಂದರೆ ಭಾನುವಾರವೆಂದರೆ ಪುನರುತ್ಥಾನದ ದಿನ. ಪುನರುತ್ಥಾನ ಹಬ್ಬದಿಂದ ಪಂಚಾಶತ್ತಮ (ಪೆಂಟೆಕೋಸ್ಟ್) ಹಬ್ಬದವರೆಗಿನ ಹರ್ಷದ ಕಾಲ 50 ದಿನ. ಉಪವಾಸಕ್ಕಿಂತ ಹಬ್ಬವನ್ನು ಉದ್ದವಾಗಿಸಿದ್ದಾರೆ. ನಾವಾದರೋ ನಲವತ್ತು ದಿನವೂ ಶ್ರದ್ಧೆಯಿಂದ ಮಾಂಸ ಬಿಟ್ಟು, ಹಬ್ಬದ ಬಿರಿಯಾನಿಯಾದ ಮರುದಿನವೇ ಎಂದಿನ ಬದುಕಿಗೆ ಮರಳಿಬಿಡುತ್ತೇವೆ. ಈ ಬಾರಿ ಆ ಐವತ್ತು ದಿನಗಳಿಗೂ ಒಂದು ನೇಮವನ್ನು ಇಟ್ಟುಕೊಳ್ಳಿ: ದಿನಕ್ಕೊಂದು ಸ್ತುತಿಯ ಕೀರ್ತನೆ, ವಾರಕ್ಕೊಮ್ಮೆ ಊಟಕ್ಕೆ ಅತಿಥಿ. ನಾಲ್ಕೇ ಅಧ್ಯಾಯಗಳ ಫಿಲಿಪ್ಪಿಯವರ ಪತ್ರವನ್ನು ಈ ಕಾಲದಲ್ಲಿ ಹಲವು ಬಾರಿ ಓದಬಹುದು. ಯಾವಾಗಲೂ ಕರ್ತನಲ್ಲಿ ಸಂತೋಷಪಡಿರಿ ಎಂದು ಸೆರೆಯಿಂದ ಬರೆದ ಪೌಲನು, ಆ ಮಾತಿಗೆ ತುಸು ಮುಂಚೆಯೇ ಮನಸ್ತಾಪ ಮಾಡಿಕೊಂಡಿದ್ದ ಇಬ್ಬರು ಸಹೋದರಿಯರನ್ನು ಹೆಸರು ಹಿಡಿದು ಕರೆದು ಒಂದಾಗಿರಿ ಎಂದು ಬೇಡಿಕೊಳ್ಳುತ್ತಾನೆ. ಮುನಿಸು ಉಳಿದಿದ್ದರೆ ಅದರ ಕಡೆಗೂ ನೋಡಬೇಕಾಗುತ್ತದೆ.

ಇನ್ನೊಬ್ಬರ ಪಾಲನ್ನು ಕಳುಹಿಸುವುದು

ಯೆಹೋವನ ಆನಂದವೇ ನಿಮ್ಮ ಬಲ ಎಂಬ ಮಾತೂ ವಾಗ್ದಾನದ ಚೀಟಿಗಳಿಗೆ ಪ್ರಿಯವಾದದ್ದು. ನೆಹೆಮೀಯ 8ರಲ್ಲಿ ಎಜ್ರನು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದಿದಾಗ ಕೇಳುತ್ತಿದ್ದ ಜನರೆಲ್ಲ ಅತ್ತರು. ಅಳಬೇಡಿರಿ, ಹೋಗಿ ಮೃಷ್ಟಾನ್ನವನ್ನು ಉಣ್ಣಿರಿ, ಏನೂ ಇಲ್ಲದವರಿಗೆ ಪಾಲನ್ನು ಕಳುಹಿಸಿರಿ ಎಂದು ಅವರಿಗೆ ಹೇಳಿದ ಮಾತಿನ ಕೊನೆಯ ತುಂಡು ನಮ್ಮ ಚೀಟಿಯಲ್ಲಿರುವುದು. ಕರಾವಳಿಯ ಸಭೆಗಳ ಬೆಳೆಹಬ್ಬವನ್ನು ನೋಡಿದವರಿಗೆ ಇದು ಹೊಸತೆನಿಸದು. ಮನೆಯ ತೆಂಗಿನಕಾಯಿ, ಬಾಳೆಗೊನೆ, ಸೌತೆಕಾಯಿ, ಕೋಳಿಗಳನ್ನು ತಂದು ಒಪ್ಪಿಸುತ್ತಾರೆ. ಆರಾಧನೆಯ ಬಳಿಕದ ಏಲಂನಲ್ಲಿ ಸಾಧಾರಣ ಕುಂಬಳಕಾಯಿಯೊಂದು ನಗುವಿನ ನಡುವೆ ಸಂತೆಯ ಬೆಲೆಯ ಹಲವು ಪಟ್ಟು ಏರುತ್ತದೆ. ದುಃಖದಲ್ಲಿರುವವರೂ ಅಂಥ ಕಡೆ ಒಂದು ಸಣ್ಣ ಕೆಲಸವನ್ನು ವಹಿಸಿಕೊಳ್ಳುವುದು ಒಳ್ಳೆಯದು, ಚಹಾ ಹಂಚುವುದಾದರೂ ಸರಿ.

ನಿಮ್ಮ ಹರ್ಷ ಮರಳಿದ ಮೇಲೆ ಅದನ್ನು ಶೋಕದ ಮನೆಗೆ ಹೇಗೆ ಒಯ್ಯಬೇಕು ಎಂಬುದನ್ನೂ ಕಲಿಯಬೇಕಾಗುತ್ತದೆ. ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದರೂ ಯೇಸು ಬೇಥಾನ್ಯದಲ್ಲಿ ಕಣ್ಣೀರು ಬಿಟ್ಟನೆಂದು ಯೋಹಾನ 11:35 ಹೇಳುತ್ತದೆ. ಅಳುವವರ ಸಂಗಡ ಅಳಿರಿ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನೂ ಹೇಳಿದ್ದಾನೆ. ಆದುದರಿಂದ ಮಣ್ಣು ಕೊಟ್ಟ ದಿನವೇ ಎಲ್ಲವೂ ದೇವರ ಚಿತ್ತ ಎಂದು ಹೇಳಿ ಎದ್ದುಬರಬೇಡಿ. ಮೊದಲ ವಾರ ಮನೆ ತುಂಬ ಜನವಿರುತ್ತಾರೆ, ಪ್ರಾರ್ಥನಾ ಕೂಟಗಳೂ ಇರುತ್ತವೆ. ಎರಡನೆಯ ತಿಂಗಳಿನಲ್ಲಿ, ಬರುವವರು ಕಡಿಮೆಯಾದ ಮೇಲೆ, ಒಂದು ಸಂಜೆ ಮೊದಲೇ ಫೋನ್ ಮಾಡಿ ಹೋಗಿ. ಸಾರಿನ ಪಾತ್ರೆಯನ್ನು ಜೊತೆಗೆ ಒಯ್ಯಿರಿ. ತೀರಿಹೋದವರ ಹೆಸರನ್ನು ನೀವೇ ಎತ್ತಿ ಮಾತಾಡಿ, ಅವರು ಹೇಳುವುದನ್ನು ಕೇಳಿ, ಹೊರಡುವ ಮುಂಚೆ ಓದಲೇ ಎಂದು ಅನುಮತಿ ಕೇಳಿ 13ನೆಯ ಕೀರ್ತನೆಯ ಆರು ವಚನಗಳನ್ನು ಓದಿ. ಕೊನೆಯ ವಚನವನ್ನು ಅವರು ಓದಲಾರದಿದ್ದರೆ ಅವರ ಪರವಾಗಿ ನೀವು ಓದಿದರೆ ಸಾಕು.